ಎರಡನೆಯ ಭಾಗ

ಹೊಗೆಸೊಪ್ಪು ಹದಗೊಳಿಸುವ ದಿನಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತ ಕುಟುಂಬಗಳಿಗೆ ರಾತ್ರಿಯ ನಿದ್ರೆ ಎಂಬುದಿಲ್ಲ. ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತ, ಶಾಖ ಎಷ್ಟಿದೆಯೆಂದು ನೋಡುತ್ತ ಮನೆಯಲ್ಲಿ ಒಬ್ಬರಾದರೂ ಎಚ್ಚರವಾಗಿರಬೇಕು. 2020ರ ಆಗಸ್ಟ್ ತಿಂಗಳಿನ ಅಂಥದೊಂದು ರಾತ್ರಿ ಆ ಸರದಿ ನನ್ನದಾಗಿತ್ತು. ಸೋಂಕಿನ ಕಾರಣ ಕಾಲೇಜುಗಳು ಮುಚ್ಚಿದ್ದವು. ಮಗಳು ನನಗೆ ಜೊತೆಯಾಗಿ ಕುಳಿತು ಮೊಬೈಲಿನಲ್ಲಿ ಏನನ್ನೋ ಆಡುತ್ತಿದ್ದಳು. ಬಣ್ಣಬಣ್ಣದ ಗೋಪುರಗಳು, ಮೆಟ್ಟಿಲುಗಳು, ಅವುಗಳ ನಡುವೆ ನಡೆಯುವ ಎರಡು ಪುಟ್ಟ ಆಕೃತಿಗಳು. ನೋಡಿದೊಡನೆ ನನ್ನ ಎದೆ ಧಸಕ್ಕೆಂದಿತು. ಆ ಗೋಪುರಗಳನ್ನು ನಾನು ಹಿಂದೆಯೂ ಕಂಡಿದ್ದೆ.

2015ರಲ್ಲಿ ಹಿರಿಯ ಮಗ ದ್ವಿತೀಯ ಪಿಯುಸಿ ಪರೀಕ್ಷೆಗೆ ಓದುತ್ತಿದ್ದ. ಪರೀಕ್ಷೆಗೆ ಇನ್ನೊಂದೇ ವಾರವಿತ್ತು. ಓದುತ್ತಿದ್ದಾನೆಂದು ನಂಬಿ ಹಾಲು ಕೊಡಲು ಹೋದರೆ, ಸ್ನೇಹಿತನ ಮೊಬೈಲ್ ಹಿಡಿದು ಇಂಥದೇ ಆಟದಲ್ಲಿ ಮುಳುಗಿದ್ದ. “ಅಮ್ಮ, ಹತ್ತು ಅಧ್ಯಾಯದಲ್ಲಿ ಒಂಬತ್ತು ಮುಗಿದಿದೆ, ಇನ್ನು ಒಂದೇ” ಎಂದ. ನಾನು ಮೊಬೈಲನ್ನು ಕಸಿದುಕೊಂಡೆ. ಅಷ್ಟಕ್ಕೇ ನಿಲ್ಲಲಿಲ್ಲ. “ನಿನ್ನನ್ನು ನಂಬಿ ಕೆಟ್ಟೆವು” ಎಂದೆ. ಅವನು ಮರುಮಾತನಾಡಲಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದ, ಬೆಂಗಳೂರಿಗೆ ಹೋದ, ಕೆಲಸವನ್ನೂ ಹಿಡಿದ. ತಿಂಗಳಿಗೊಮ್ಮೆ ತಂದೆಗೆ ಫೋನ್ ಮಾಡುತ್ತಿದ್ದ. ನನ್ನೊಡನೆ ಮಾತ್ರ ಕುಶಲ ವಿಚಾರಣೆಯ ಆಚೆಗೆ ಮಾತು ಬೆಳೆಯುತ್ತಿರಲಿಲ್ಲ.

ಆ ರಾತ್ರಿ ನಾನು ಏನನ್ನೂ ಕಸಿದುಕೊಳ್ಳಲಿಲ್ಲ. “ಇದೇನು ಮಗಳೇ?” ಎಂದು ಕೇಳಿದೆ. “ಅಣ್ಣ ಹೇಳಿದ್ದಮ್ಮ. ಮೊದಲನೆಯದಕ್ಕಿಂತ ಇದು ಚೆನ್ನಾಗಿದೆಯಂತೆ” ಎಂದು ಅವಳು ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟಳು.

ಆಟದ ಹೆಸರು ‘ಮಾನ್ಯುಮೆಂಟ್ ವ್ಯಾಲಿ’. ಲಂಡನ್ನಿನ ಸಂಸ್ಥೆಯೊಂದು ಅದನ್ನು 2014ರಲ್ಲಿ ಹೊರತಂದಿತು. ಡಚ್ ಕಲಾವಿದ ಎಂ.ಸಿ. ಎಶರ್ (1898-1972) ಬರೆದ, ಕಣ್ಣಿಗೆ ಸರಿಯೆನಿಸಿದರೂ ಕಟ್ಟಲು ಸಾಧ್ಯವಾಗದ ಕಟ್ಟಡಗಳ ಚಿತ್ರಗಳೇ ಅದಕ್ಕೆ ಪ್ರೇರಣೆ. ಎರಡು ದಾರಿಗಳ ನಡುವೆ ಕಂದಕವಿರುತ್ತದೆ. ಗೋಪುರವನ್ನು ಬೆರಳಿನಿಂದ ತಿರುಗಿಸಿ ಬೇರೊಂದು ಕೋನದಿಂದ ನೋಡಿದರೆ ಅವೆರಡೂ ಕೂಡಿದಂತೆ ಕಾಣುತ್ತವೆ. ಹಾಗೆ ಕಂಡ ಕೂಡಲೇ ನಡೆದು ದಾಟಲೂಬಹುದು. ಮೊದಲ ಭಾಗದಲ್ಲಿ ಈ ದಾರಿಗಳಲ್ಲಿ ನಡೆಯುವವಳು ಐಡಾ ಎಂಬ ರಾಜಕುಮಾರಿ. ಹಿಂದೊಮ್ಮೆ ಅಪಹರಿಸಿದ್ದ ಪವಿತ್ರ ವಸ್ತುಗಳನ್ನು ಮರಳಿ ಒಪ್ಪಿಸುತ್ತ, ಕ್ಷಮೆಯನ್ನು ಅರಸುತ್ತ ಅವಳು ಒಂಟಿಯಾಗಿ ಹೋಗುತ್ತಾಳೆ. 2015ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಈ ಆಟಕ್ಕೆ ಸಂದಿತು.

ಎರಡನೆಯ ಭಾಗ ಬಂದದ್ದು 2017ರಲ್ಲಿ. ಅದರ ಒಗಟುಗಳು ಮೊದಲಿನವುಗಳಿಗಿಂತ ಕಠಿಣವೇನಲ್ಲ, ಬಹುತೇಕ ಸುಲಭವೇ. ಹಾಗಾದರೆ ಅದು ಉತ್ತಮವಾದದ್ದು ಹೇಗೆ? ಇಲ್ಲಿ ನಡೆಯುವವರು ಇಬ್ಬರು, ರೋ ಎಂಬ ತಾಯಿ ಮತ್ತು ಅವಳ ಮಗು. ತಾಯಿ ಮುಂದೆ ಹೋದರೆ ಮಗು ಹಿಂದೆ ಬರುತ್ತದೆ. ಸೇತುವೆ ಜರುಗಿ ಇಬ್ಬರೂ ಬೇರಾದಾಗ ಆಡುವವರ ಮನಸ್ಸು ಕಳವಳಗೊಳ್ಳುತ್ತದೆ, ಮತ್ತೆ ಕೂಡಿದಾಗ ಹಗುರಾಗುತ್ತದೆ. ಮೊದಲ ಆಟದಲ್ಲಿ ಕಟ್ಟಡಗಳನ್ನು ನೋಡಿ ಬೆರಗಾಗುವ ನಾವು ಎರಡನೆಯದರಲ್ಲಿ ಅವುಗಳೊಳಗೆ ನಡೆಯುವವರಿಗಾಗಿ ಮಿಡಿಯುತ್ತೇವೆ. ಗೋಪುರಗಳು ಅವೇ, ತಿರುಗಿಸುವ ಬಗೆಯೂ ಅದೇ. ಹೆಚ್ಚಾಗಿ ಬಂದದ್ದು ಸಂಬಂಧ.

ಆಟದ ನಡುವೆ ಒಂದು ಘಳಿಗೆ ಬರುತ್ತದೆ. ತಾಯಿ ಮಗುವನ್ನು ತನ್ನ ಜೊತೆಯಿಂದ ಬಿಟ್ಟುಕೊಟ್ಟು, ಅದರ ದಾರಿಯಲ್ಲಿ ಅದನ್ನು ಕಳುಹಿಸಬೇಕು. ಮಗಳು ಮೊಬೈಲನ್ನು ನನ್ನ ಕೈಗಿತ್ತು “ಇದನ್ನು ನೀನೇ ಮಾಡಮ್ಮ” ಎಂದಳು. ನನ್ನ ಬೆರಳು ಬಹಳ ಹೊತ್ತು ಚಲಿಸಲಿಲ್ಲ. ಒಲೆಯ ಬೆಂಕಿ ಇಳಿಯುತ್ತಿದ್ದುದು ಕೂಡ ನನ್ನ ಗಮನಕ್ಕೆ ಬರಲಿಲ್ಲ. ಮಗುವನ್ನು ಕಳುಹಿಸುವುದು ಬೇರೆ, ಅದು ನಮ್ಮಿಂದ ದೂರ ಸರಿಯುವಂತೆ ಮಾಡುವುದು ಬೇರೆ ಎಂಬುದು ಐವತ್ತರ ಅಂಚಿನಲ್ಲಿ, ಬ್ಯಾರನ್ನಿನ ಮುಂದೆ ಕುಳಿತು ನನಗೆ ತಿಳಿಯಿತು.

ಮಗಳನ್ನು ಬೆಳೆಸುವಾಗ ನಾನು ಮೃದುವಾಗಿದ್ದೆ. ‘ಮಗನ ವಿಷಯದಲ್ಲಿ ತಪ್ಪಿದೆ, ಮಗಳ ವಿಷಯದಲ್ಲಿ ತಿದ್ದಿಕೊಂಡೆ’ ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದೆ. ಆದರೆ ಎರಡನೆಯದು ಸರಿಯಾದ ಮಾತ್ರಕ್ಕೆ ಮೊದಲನೆಯದರ ಲೆಕ್ಕ ಮುಗಿಯುತ್ತದೆಯೇ? ನನ್ನ ತವರು ಕೆ.ಆರ್. ನಗರ. ಕಾವೇರಿಯ ಪ್ರವಾಹಕ್ಕೆ ಸಿಲುಕುತ್ತಿದ್ದ ಹಳೆಯ ಎಡತೊರೆಯಿಂದ ತುಸು ದೂರದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಊರು ಅದು. ಹೊಸ ಊರು ಹಳೆಯದಕ್ಕಿಂತ ಸುರಕ್ಷಿತವಾದದ್ದು ನಿಜ. ಆದರೂ ಹಳೆಯ ಎಡತೊರೆಯನ್ನು ಯಾರೂ ಅಳಿಸಿಹಾಕಲಿಲ್ಲ. ಅರ್ಕೇಶ್ವರನ ಗುಡಿ ಇಂದಿಗೂ ನದಿಯ ದಡದಲ್ಲಿಯೇ ಇದೆ, ಹೊಸ ಊರಿನವರು ಅಲ್ಲಿಗೆ ನಡೆದು ಹೋಗುತ್ತಾರೆ. ನಮ್ಮ ಪ್ರಭುವೂ ತಾನು ಬಂದದ್ದು ಹಿಂದಿನ ಧರ್ಮಶಾಸ್ತ್ರವನ್ನು ರದ್ದುಮಾಡಲು ಅಲ್ಲ, ಅದನ್ನು ಪೂರ್ಣಗೊಳಿಸಲು ಎಂದು ಬೆಟ್ಟದ ಮೇಲೆ ಬೋಧಿಸಿದರು. ಪೂರ್ಣಗೊಳಿಸಬೇಕಾದರೆ ಅಪೂರ್ಣವಾಗಿ ಉಳಿದಲ್ಲಿಗೆ ಹಿಂದಿರುಗಲೇಬೇಕು.

ಬೆಳಗಾದ ಮೇಲೆ ಮಗನಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ರಾತ್ರಿಯಿಡೀ ಯೋಚಿಸಿದ್ದುದೆಲ್ಲ ಮರೆತುಹೋಯಿತು. “ಆ ದಿನ ನಿನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡು ಆಡಬಾರದ ಮಾತಾಡಿದೆ ಕಂದ, ನನ್ನನ್ನು ಕ್ಷಮಿಸು” ಎಂದಷ್ಟೇ ಹೇಳಿದೆ. ಆ ಕಡೆ ಬಹಳ ಹೊತ್ತು ಮೌನ. ಬಳಿಕ “ಅದನ್ನು ಇನ್ನೂ ನೆನಪಿಟ್ಟುಕೊಂಡಿದ್ದೀಯಾ ಅಮ್ಮ?” ಎಂದ. ಅವನೂ ಮರೆತಿರಲಿಲ್ಲವೆಂದು ಆ ಧ್ವನಿಯಿಂದಲೇ ತಿಳಿಯಿತು. ಎಲ್ಲವೂ ಅಂದೇ ಸರಿಹೋಯಿತೆಂದು ಹೇಳಲಾರೆ. ಮುಂದಿನ ವಾರ ಅವನೇ ಫೋನ್ ಮಾಡಿದ. ಅದರ ಮುಂದಿನ ವಾರ ಮಾಡಲಿಲ್ಲ. ಹೀಗೆಯೇ ಸ್ವಲ್ಪ ಸ್ವಲ್ಪವಾಗಿ ದಾರಿ ಕೂಡಿಕೊಂಡಿತು.

ಮಗಳು 2021ರಲ್ಲಿ ನರ್ಸಿಂಗ್ ಓದಲು ಹೊರಟಾಗ ನಾನು ಅತ್ತೆ, ಆದರೆ ತಡೆಯಲಿಲ್ಲ. ಹನ್ನೆರಡು ವರ್ಷದ ಯೇಸುವನ್ನು ಮೂರು ದಿನ ಹುಡುಕಿ ದೇವಾಲಯದಲ್ಲಿ ಕಂಡ ಮಾತೆ ಮರಿಯಮ್ಮನವರು ನೆನಪಾದರು. ಆ ಮಗನ ಉತ್ತರ ಅವರಿಗೆ ಅರ್ಥವಾಗಲಿಲ್ಲವೆಂದು ಸಂತ ಲೂಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅರ್ಥವಾಗದಿದ್ದರೂ ಆ ತಾಯಿ ಎಲ್ಲವನ್ನೂ ಹೃದಯದಲ್ಲಿ ಇರಿಸಿಕೊಂಡರು.

ಮರುವರ್ಷ ಜೂನ್ 13ರಂದು, ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ, ಇಬ್ಬರು ಮಕ್ಕಳೂ ಮನೆಗೆ ಬಂದಿದ್ದರು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರೆಂದು ನಾವು ಅವರನ್ನು ಬೇಡುತ್ತೇವಲ್ಲವೇ? ಬಲಿಪೂಜೆ ಮುಗಿಸಿ ಬಂದು ಊಟವಾದ ಮೇಲೆ ಮಗ ತನ್ನ ಮೊಬೈಲನ್ನು ತೆಗೆದು ನನ್ನ ಪಕ್ಕದಲ್ಲಿ ಕುಳಿತ. ಪರದೆಯ ಮೇಲೆ ಐಡಾ ನಿಂತಿದ್ದಳು.

“ಹತ್ತನೆಯ ಅಧ್ಯಾಯ, ಅಮ್ಮ” ಎಂದ. “ಇದನ್ನು ಇನ್ನೂ ಮುಗಿಸಿಲ್ಲ.”

ಗೋಪುರವನ್ನು ತಿರುಗಿಸಲು ನನಗೆ ಬರುತ್ತಿರಲಿಲ್ಲ. ಅವನು ನನ್ನ ಬೆರಳನ್ನು ಹಿಡಿದು ತೋರಿಸಿಕೊಟ್ಟ.