ಪಟ್ಟಿಯಲ್ಲಿಲ್ಲದ ಮನೆಗಳು

ಮಾಗೋಡಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ನಾಲ್ಕು ಕಂಬಗಳು ಅಡ್ಡ ಮಲಗಿವೆ. ಪಕ್ಕದಲ್ಲಿ ದಾರಂದದ ಸಮೇತ ಒಂದು ಬಾಗಿಲು, ಗೋಡೆಗೆ ಒರಗಿಸಿ ಜೋಡಿಸಿದ ಒಂದಿಷ್ಟು ಹೆಂಚು. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ನಾನು ಒಮ್ಮೆ ಅವನ್ನು ನೋಡಿ ಬರುತ್ತೇನೆ. ಇವು ಮಾಗೋಡಿನವಲ್ಲ. 2019ರ ಬೇಸಿಗೆಯಲ್ಲಿ ನಮ್ಮ ಶಿರಸಿಯ ಮನೆ ಕೆಡವಿದಾಗ ಅಪ್ಪ ಲಾರಿಯಲ್ಲಿ ಹೇರಿಕೊಂಡು ಬಂದ ಸಾಮಾನು. ‘ಎಲ್ಲಾದ್ರೂ ಉಪಯೋಗಕ್ಕೆ ಬತ್ತು’ ಎಂದಿದ್ದ. ಇನ್ನೂ ಬಂದಿಲ್ಲ.

ಮಾಗೋಡು ಅಂದರೆ ಎಲ್ಲರಿಗೂ ಜಲಪಾತ. ನಮಗೆ ಅದು ಅಜ್ಜನ ತೋಟವಿರುವ ಊರು. ಅಪ್ಪ ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಹಾಗಾಗಿ ನಾನು ಬೆಳೆದದ್ದು ಶಿರಸಿ ಪೇಟೆಯಲ್ಲಿ. ಮಾರಿಕಾಂಬಾ ದೇವಸ್ಥಾನಕ್ಕೆ ನಡೆದೇ ಹೋಗಬಹುದಾದ ಒಂದು ಓಣಿ, ಅದರ ಎರಡೂ ಬದಿಗೆ ಹೆಂಚಿನ ಮನೆಗಳು, ಎಲ್ಲ ಮನೆಗೂ ಜಗುಲಿ. ಅಜ್ಜ ಯಾವುದೋ ಒಳ್ಳೆಯ ಅಡಿಕೆ ದರದ ವರ್ಷದಲ್ಲಿ ಕೊಂಡ ಮನೆ ನಮ್ಮದು. ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂತೆಂದರೆ ಆ ಜಗುಲಿಯ ಮೇಲೆ ಮಲಗಲು ಜಾಗ ಸಾಲುತ್ತಿರಲಿಲ್ಲ. 2008ರ ಜಾತ್ರೆಯಲ್ಲಿ ನನಗೆ ಹನ್ನೊಂದು ವರ್ಷ. ಯಲ್ಲಾಪುರ, ಸಿದ್ದಾಪುರ ಕಡೆಯ ನೆಂಟರೆಲ್ಲ ಸಾಲಾಗಿ ಕಂಬಳಿ ಹೊದ್ದು ಮಲಗಿದ್ದರು. ಬಿಡಕಿ ಬೈಲಿನಿಂದ ತಡರಾತ್ರಿ ಬಂದ ನಾನು ಯಾರ ಕಾಲನ್ನೂ ತುಳಿಯದಂತೆ ಒಳಗೆ ಹೋಗಲು ಪಟ್ಟ ಪಾಡು ಇನ್ನೂ ನೆನಪಿದೆ.

ಓಣಿಯ ಆ ತುದಿಯ ದೊಡ್ಡ ಮನೆಯ ಜಗುಲಿಯ ಗೋಡೆಯಲ್ಲಿ ಕಾವಿ ಚಿತ್ರವಿತ್ತು. ಸುಣ್ಣದ ಗಾರೆ ಹಸಿಯಿರುವಾಗಲೇ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಕಬ್ಬಿಣದ ಮೊನೆಯಿಂದ ಕೆರೆದು, ಕೆಳಗಿನ ಬಿಳಿಯನ್ನು ಹೊರತೆಗೆಯುವ ಕಲೆ ಅದು. ಕೊಂಕಣ ತೀರದುದ್ದಕ್ಕೂ ದೇವಸ್ಥಾನಗಳ ಗೋಡೆಗಳಲ್ಲಿತ್ತು. ಮಾರಿಕಾಂಬೆಯ ಗುಡಿಯ ಗೋಡೆಗಳಲ್ಲೂ ಇದೆ. ನಮ್ಮ ಓಣಿಯದ್ದು ಸಣ್ಣ ಚಿತ್ರ, ಎರಡು ನವಿಲು ಮತ್ತು ಒಂದು ಬಳ್ಳಿ. ಒಂದು ನವಿಲಿನ ಕುತ್ತಿಗೆಯ ಮೇಲೆ ಸ್ವಿಚ್ ಬೋರ್ಡು ಬಂದು ಕೂತಿತ್ತು. ಆ ಮನೆ ಕೆಡವಿದಾಗ ಮರವೆಲ್ಲ ಲಾರಿ ಹತ್ತಿತು, ಹೆಂಚನ್ನು ಯಾರೋ ಕೊಂಡರು, ಕಲ್ಲು ಹೊಸ ಮನೆಯ ಪಾಯಕ್ಕೆ ಹೋಯಿತು. ನವಿಲುಗಳು ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ. ಗೋಡೆಯೇ ಅವುಗಳ ಮೈ. ಮಣ್ಣಾದವು.

ಆಗ ಯಾರೂ ಅತ್ತಿದ್ದು ನೆನಪಿಲ್ಲ. ನಾನೂ ಅಳಲಿಲ್ಲ. ಒಂದು ಮನೆ ಹಿಸೆಯಲ್ಲಿ ಹೋಯಿತು. ಇನ್ನೊಂದರ ಮಕ್ಕಳು ಬೆಂಗಳೂರಿಗೆ ಹೋದರು, ಮಳೆಗಾಲದಲ್ಲಿ ಸೋರುವ ಮಾಡು ನೋಡುವವರಿಲ್ಲದೆ ಹಿಂಬದಿಯ ಗೋಡೆ ಕುಸಿಯಿತು. ಬಳೆಗಾರರ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಎದ್ದಿತು. ಪ್ರತಿ ಸಲವೂ ಒಂದೇ ಮನೆ, ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಒಂದೆರಡು ವರ್ಷ. ನಾನು ಪಿಯುಸಿ ಮುಗಿಸಿ ಧಾರವಾಡಕ್ಕೆ ಹೊರಡುವ ಹೊತ್ತಿಗೆ ಹೆಂಚಿನ ಮನೆ ಎಂದು ಉಳಿದದ್ದು ಮೂರೋ ನಾಲ್ಕೋ. ಕೊನೆಗೆ ಅಜ್ಜ ತೀರಿಕೊಂಡ ಮೇಲೆ ನಮ್ಮದು. ಅಪ್ಪ ಮತ್ತು ದೊಡ್ಡಪ್ಪ ಹಿಸೆ ಮಾಡಿಕೊಂಡರು, ಜಾಗ ಮಾರಿದರು. ಈಗ ಅಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಇದೆ.

ನನ್ನ ಪಿಎಚ್‌ಡಿ ವಿಷಯ ಅಡಿಕೆ ಪೇಟೆಗಳ ಸಾಮಾಜಿಕ ಚರಿತ್ರೆ. ಹಳೆಯ ಕಾಗದಗಳನ್ನು ಓದುತ್ತ ಕೂತಾಗ ಒಂದು ವಿಚಿತ್ರ ನನ್ನನ್ನು ಕಾಡತೊಡಗಿತು. ನಮ್ಮ ಜಿಲ್ಲೆಗೆ ಮುಳುಗಡೆ ಹೊಸದಲ್ಲ. 1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟಿನಲ್ಲಿ ಸೂಪಾ ಎಂಬ ಪೇಟೆಯೇ ಮುಳುಗಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಜನ ರಾಮನಗರಕ್ಕೆ ಹೋದರು. ನಮ್ಮ ಬೇಡ್ತಿಗೂ ಅದೇ ಗತಿ ಬರುವುದರಲ್ಲಿತ್ತು. ಜಲವಿದ್ಯುತ್ ಯೋಜನೆಯ ವಿರುದ್ಧ ಇಲ್ಲಿನ ಬೆಳೆಗಾರರು ಎದ್ದು ನಿಂತರು. 1981ರ ಜನವರಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವೇ ಮುಂದೆ ನಿಂತು ಶಿರಸಿಯಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ನಡೆಸಿತು. ಎಷ್ಟು ಕಾಡು, ಎಷ್ಟು ತೋಟ ಹೋಗುತ್ತದೆ ಎಂದು ಲೆಕ್ಕ ಹಾಕಿ, ಬರುವ ಕರೆಂಟಿನ ಎದುರು ಇಟ್ಟು ತೂಗಿದರು. ಯೋಜನೆ ನಿಂತಿತು. ನಮ್ಮ ಕಣಿವೆ ಉಳಿಯಿತು. ಅಡಿಕೆ ಮಾರುವ ಸಂಘವೊಂದು ನದಿಯ ಲೆಕ್ಕ ಬರೆದದ್ದು ನನಗೆ ಈಗಲೂ ಹೆಮ್ಮೆ.

ಮುಳುಗುವ ಊರಿಗೆ ಒಂದು ಪಟ್ಟಿಯಿರುತ್ತದೆ. ಯಾರ ಮನೆ, ಎಷ್ಟು ಅಂಕಣ, ಎಷ್ಟು ತೆಂಗಿನ ಮರ, ಎಲ್ಲವನ್ನೂ ಬರೆಯುತ್ತಾರೆ, ಪರಿಹಾರಕ್ಕಾಗಿಯಾದರೂ. ಆದರೆ ನಮ್ಮ ಓಣಿಯನ್ನು ಯಾರೂ ಮುಳುಗಿಸಲಿಲ್ಲ. ಒಂದು ಹನಿ ನೀರಿಲ್ಲದೆ, ನಾವು ನಾವೇ ಸಹಿ ಮಾಡಿ, ಒಂದೊಂದಾಗಿ ಕಳೆದುಕೊಂಡೆವು. ಅದಕ್ಕೆ ಪಟ್ಟಿಯಿಲ್ಲ.

ಹೋದ ವರ್ಷ ದೀಪಾವಳಿಗೆ ಊರಿಗೆ ಬಂದಾಗ ಇದನ್ನೇ ಸ್ವಲ್ಪ ಭಾಷಣದ ಧಾಟಿಯಲ್ಲಿ ಹೇಳಿದೆ. ಆ ಮನೆ ಮಾರಬಾರದಿತ್ತು, ಆ ಕಂಬಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದೆಲ್ಲ. ಅಪ್ಪ ಕವಳದ ಬಟ್ಟಲು ಹುಡುಕುತ್ತ ಎದ್ದುಹೋದ. ಆಯಿ ಮಾತ್ರ ಕಾಯಿ ತುರಿಯುವುದನ್ನು ನಿಲ್ಲಿಸಿದಳು.

‘ಆ ಕಂಬ ಯಂಗೆ ಒಂದಿನವೂ ಚಂದ ಕಂಡಿದ್ದಿಲ್ಲೆ ಕೂಸೆ. ಅದ್ರ ಬುಡದ ಧೂಳು ಕಂಡಿದ್ದು.’

ಆಮೇಲೆ ಅವಳು ಹೇಳಿದ ಮನೆ ನಾನು ಬೆಳೆದ ಮನೆಯಾಗಿರಲಿಲ್ಲ. ಪ್ರತಿ ಬೇಸಿಗೆ ಹೆಂಚು ಕೈಯಾಡಿಸುವ ಆಳು ಸಿಗದೆ, ಜೂನ್ ಬಂತೆಂದರೆ ಅಟ್ಟದ ಮೇಲೆಲ್ಲ ಪಾತ್ರೆ ಇಡುತ್ತಿದ್ದಳಂತೆ. ರಾತ್ರಿ ಎದ್ದು ಅವನ್ನು ಖಾಲಿ ಮಾಡುತ್ತಿದ್ದಳಂತೆ. ನನಗೆ ಅದು ಟಪ್ ಟಪ್ ಎಂಬ ಇಂಪಾದ ಸದ್ದು. ಅದು ಯಾವಾಗಲೂ ತುಂಬಿ ಚೆಲ್ಲಲಿಲ್ಲ ಏಕೆ ಎಂದು ನಾನು ಕೇಳಿಕೊಂಡೇ ಇರಲಿಲ್ಲ. ಜಾತ್ರೆಯ ಆ ರಾತ್ರಿ ಜಗುಲಿ ತುಂಬ ಮಲಗಿದ್ದವರಿಗೆ ಬೆಳಿಗ್ಗೆ ದೋಸೆ ಹೊಯ್ದದ್ದು ಒಲೆಯ ಹೊಗೆಯಲ್ಲಿ. ಕೊನೆಗೆ, ಬಚ್ಚಲಿನ ಪಕ್ಕದ ಆ ಸಣ್ಣ ಕೋಣೆ. ನಾನು ಅದನ್ನು ಕಟ್ಟಿಗೆ ಇಡುವ ಕೋಣೆ ಎಂದೇ ತಿಳಿದಿದ್ದೆ. ಅಜ್ಜಿ ಇರುವಷ್ಟು ಕಾಲ, ತಿಂಗಳಿಗೆ ಮೂರು ದಿನ ಆಯಿ ಕಟ್ಟಿಗೆಯ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ನಾನು ದೊಡ್ಡವಳಾಗುವ ಹೊತ್ತಿಗೆ ಅಜ್ಜಿ ತೀರಿಹೋಗಿದ್ದಳು. ನನ್ನನ್ನು ಅಲ್ಲಿ ಕೂರಿಸುವುದಿಲ್ಲ ಎಂದು ಆಯಿಯೇ ಹಟ ಹಿಡಿದಿದ್ದಳಂತೆ. ಅದಕ್ಕೇ ಆ ಕೋಣೆ ನನಗೆ ಬರೀ ಕಟ್ಟಿಗೆಯ ಕೋಣೆ.

‘ಗೋಡೆ ಬಿದ್ದ ದಿನ ಹಗುರಾತು’ ಅಂದಳು. ಮತ್ತೆ ಕಾಯಿ ತುರಿಯತೊಡಗಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ದಿನ ನಾನು ಶೋಕಿಸಿದ್ದು ಮನೆಯ ಜಗುಲಿಗಾಗಿ ಮಾತ್ರ ಎಂದು ಅನಿಸಿತು. ಹಾಗಂತ ನವಿಲುಗಳು ಹೋದದ್ದಕ್ಕೆ ಬೇಸರ ಕಡಿಮೆಯಾಗಿಲ್ಲ. ಎರಡೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ ಎಂಬುದಷ್ಟೇ ನನಗೆ ಗೊತ್ತಾದದ್ದು.

ಈಗ ನಾವಿಬ್ಬರೂ ಸೇರಿ ಪಟ್ಟಿ ಮಾಡುತ್ತಿದ್ದೇವೆ. ಭಾನುವಾರ ಧಾರವಾಡದಿಂದ ಫೋನ್ ಮಾಡುತ್ತೇನೆ, ಆಯಿ ಓಣಿಯ ಆ ತುದಿಯಿಂದ ಒಂದೊಂದೇ ಮನೆ ಹೇಳುತ್ತ ಬರುತ್ತಾಳೆ. ಯಾರ ಮನೆ, ಬಾವಿ ಎಲ್ಲಿತ್ತು, ನೀರು ಯಾರಿಗೆ ಸೇದಲು ಬಿಡುತ್ತಿದ್ದರು, ಯಾರಿಗೆ ಬಿಡುತ್ತಿರಲಿಲ್ಲ, ಹಿಂಬಾಗಿಲು ಯಾವ ಕಡೆಗೆ. ಹದಿನಾಲ್ಕು ಮನೆಗಳಾದವು. ಹೋದ ವಾರ ನಮ್ಮ ಮನೆ ಬಂತು. ಜಗುಲಿ, ನಾಲ್ಕು ಕಂಬ, ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲು ಎಂದು ನಾನೇ ಬರೆದು ಓದಿ ಹೇಳಿದೆ.

ಆಚೆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

‘ಕಟ್ಟಿಗೆ ಕೋಣೆ ಬಿಟ್ಟೆ’ ಅಂದಳು ಆಯಿ. ‘ಅದನ್ನೂ ಬರ್ಕ.’