ಹುಳಿಯ ಮೇಲಿನ ಆಪಾದನೆ

ಹೊಟ್ಟೆಯ ಸಂಗತಿಯನ್ನು ಪತ್ರಿಕೆಯಲ್ಲಿ ಬರೆಯಲು ಸಂಕೋಚವೇ. ಆದರೂ ಕಳೆದ ರಾಜ್ಯೋತ್ಸವದ ಊಟದ ಹೊತ್ತಿಗೆ ನಾನು ಮೆಲ್ಲನೆ ಜಾರಿಕೊಂಡದ್ದನ್ನು ಕಂಡು, "ಏನ್ರೀ, ನಮ್ಮ ಮೇಲೆ ಕೋಪವೇ?" ಎಂದವರು ಹಲವರು. ಅವರಿಗೆ ಇದು ಉತ್ತರ.

ಮೂರು ವರ್ಷಗಳಿಂದ ಉಂಡ ಗಂಟೆಯೊಳಗೆ ಹೊಟ್ಟೆ ಉಬ್ಬುತ್ತಿತ್ತು, ನುಲಿಯುತ್ತಿತ್ತು. ಕೆಲವು ದಿನ ಆಫೀಸು ಮುಟ್ಟುವುದೇ ಸಾಹಸ. ದೆಹಲಿ ಮೆಟ್ರೋದ ಯಾವ ಸ್ಟೇಷನ್ನಿನಲ್ಲಿ ಶೌಚಾಲಯ ಎಲ್ಲಿದೆ ಎಂಬ ವಿಷಯದಲ್ಲಿ ಪರೀಕ್ಷೆಯಿಟ್ಟರೆ ನನಗೆ ಪ್ರಥಮ ದರ್ಜೆ ಖಂಡಿತ. ವೈದ್ಯರು ಎಲ್ಲ ಪರೀಕ್ಷೆ ಮಾಡಿಸಿ, ಹುಣ್ಣಿಲ್ಲ, ಗಡ್ಡೆಯಿಲ್ಲ, ಇದು ಐ.ಬಿ.ಎಸ್. ಎಂದರು, ಕರುಳು ನೋಡಲು ಸರಿಯಾಗಿಯೇ ಇದ್ದು, ನಡತೆಯಲ್ಲಿ ಮಾತ್ರ ಹಟಮಾರಿ. ಬೇಳೆ, ಮಸಾಲೆ ಬಿಡಿ ಎಂದು ಚೀಟಿ ಕೊಟ್ಟರು.

ಆ ಚೀಟಿಯನ್ನು ಅಮ್ಮ ಮೊಮ್ಮಗನಿಂದ ಓದಿಸಿಕೊಂಡಳು. ಮಾರನೆಯ ದಿನದಿಂದ ಮನೆಯಲ್ಲಿ ಹುಳಿ ನಿಂತಿತು. "ನನ್ನ ಕೈಯಡಿಗೆಯೇ ನಿನಗೆ ಆಗದೆ ಹೋಯಿತಲ್ಲೋ" ಎಂದು ಒಂದೇ ಸಲ ಅಂದಳು, ಅಷ್ಟೆ. ಹೊಟ್ಟೆನೋವನ್ನಾದರೂ ತಡೆಯಬಹುದಿತ್ತು.

ಮೈಸೂರಿನ ತಂಗಿ ಅಲ್ಲಿಯ ಆಹಾರತಜ್ಞೆಯೊಬ್ಬರನ್ನು ಗೊತ್ತುಮಾಡಿದಳು. ಎರಡು ವಾರಕ್ಕೊಮ್ಮೆ ಮೊಬೈಲಿನ ವಿಡಿಯೋದಲ್ಲಿ ಅರ್ಧ ಗಂಟೆ. ನನಗೆ ನಂಬಿಕೆಯಿರಲಿಲ್ಲ. ವೈದ್ಯರು ದೂರದಿಂದಲೇ ರೋಗಿಯನ್ನು ನೋಡುವುದಕ್ಕೆ ಕೇಂದ್ರ ಸರ್ಕಾರ 2020ರ ಮಾರ್ಚಿಯಲ್ಲಿ ಮಾರ್ಗಸೂಚಿ ಹೊರಡಿಸಿದಾಗ ಅದರ ನಕಲು ನನ್ನ ಮೇಜಿಗೂ ಬಂದಿತ್ತು. ಓದದೆ ಫೈಲಿಗೆ ಸೇರಿಸಿದ ಪುಣ್ಯಾತ್ಮ ನಾನು.

ಆಕೆ ಮೊದಲು ಕೇಳಿದ್ದು ಊಟದ ಮಾತಲ್ಲ. ರಕ್ತ ಹೋಗುತ್ತದೆಯೇ? ತೂಕ ಇಳಿದಿದೆಯೇ? ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ? ಹಾಗಿದ್ದರೆ ಮತ್ತೆ ವೈದ್ಯರ ಬಳಿಗೇ ಹೋಗಬೇಕು. ಗೋಧಿಗೆ ಸಂಬಂಧಿಸಿದ ಸೀಲಿಯಾಕ್ ರೋಗದ ರಕ್ತಪರೀಕ್ಷೆ ಆಗಿದೆಯೇ? ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಅದನ್ನು ನೆಚ್ಚುವಂತಿಲ್ಲವಂತೆ. ಪುಣ್ಯಕ್ಕೆ ಅದು ಆಗಿತ್ತು. ಆಮೇಲೆ, "ಸ್ವಲ್ಪ ಅಡಿಗೆಮನೆ ತೋರಿಸಿ ಸಾರ್" ಎಂದರು. ಅಮ್ಮ ಬಾಗಿಲ ಹಿಂದೆ ಸರಿದಳು. ಇಂಗಿನ ಡಬ್ಬಿಯ ಮೇಲಿನ ಅಕ್ಷರ ಓದಿಸಿದರು; ಅದರಲ್ಲೂ ಮೈದಾ! "ಚಿಟಿಕೆ ಇಂಗಿನಿಂದ ಏನೂ ಆಗದು, ಗಾಬರಿ ಬೇಡ" ಎಂದು ನಕ್ಕರು.

ಎರಡು ವಾರ ತಿಂದದ್ದನ್ನೆಲ್ಲ ಬರೆದಿಡಬೇಕಾಯಿತು. ಬರೆಯುವುದೇ ನನ್ನ ಕಸುಬಾದ್ದರಿಂದ ಕಷ್ಟವಾಗಲಿಲ್ಲ. ದಿನಕ್ಕೆ ಆರು ಹಾಲಿನ ಚಹಾ, ಮಧ್ಯಾಹ್ನ ನಾಲ್ಕು ಚಪಾತಿ, ಕ್ಯಾಂಟೀನಿನ ಈರುಳ್ಳಿ ಗೊಜ್ಜು, ವಾರಕ್ಕೆರಡು ದಿನ ರಾಜ್ಮಾ. ಅಮ್ಮನ ಅಡಿಗೆ ಆ ಪಟ್ಟಿಯಲ್ಲಿ ಎಷ್ಟು ಸಣ್ಣದು!

ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ ಪಥ್ಯವೊಂದಿದೆ. 2005ರಲ್ಲಿ ಅವರಿಟ್ಟ ಹೆಸರು ಫಾಡ್‌ಮ್ಯಾಪ್. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳು, ಹಾಲುಗಳಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ನೀರನ್ನು ಸೆಳೆಯುತ್ತವೆ. ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾ ಅವನ್ನು ಹುಳಿಯಿಸಿ ಅನಿಲ ಮಾಡುತ್ತವೆ. ಇದು ಎಲ್ಲರಲ್ಲೂ ಆಗುವುದೇ. ನನ್ನಂಥವರ ಕರುಳು ಅದನ್ನು ನೋವೆಂದು ತಿಳಿಯುತ್ತದೆ. ಬಿ.ಎಸ್ಸಿ.ಯ ರಸಾಯನಶಾಸ್ತ್ರಕ್ಕೆ ತುಕ್ಕು ಹಿಡಿದಿದ್ದರೂ ಒಂದು ಮಾತು ತಕ್ಷಣ ಹಿಡಿಸಿತು. ಬೆಳ್ಳುಳ್ಳಿಯ ಆ ಸಕ್ಕರೆ ನೀರಿಗೆ ಕರಗುತ್ತದೆ, ಎಣ್ಣೆಗೆ ಕರಗದು. ಎಣ್ಣೆಯಲ್ಲಿ ಬಾಡಿಸಿ ಎಸಳನ್ನು ಎತ್ತಿಬಿಟ್ಟರೆ ಘಮ ಉಳಿಯುತ್ತದೆ, ಕಾಟ ಹೋಗುತ್ತದೆ!

ನಾಲ್ಕು ವಾರ ಎಲ್ಲ ಬಿಟ್ಟು, ಆಮೇಲೆ ಒಂದೊಂದನ್ನೇ ಮರಳಿ ತಿಂದು ನೋಡುವ ಕ್ರಮ. ಬಿಡುವುದಕ್ಕಿಂತ ಮರಳಿ ತರುವುದರಲ್ಲೇ ಆಕೆಯ ಜಾಣತನ. ಪಟ್ಟಿ ನೋಡಿಕೊಂಡು ತಾವೇ ವರ್ಷಗಟ್ಟಲೆ ಪಥ್ಯ ಮಾಡುವವರಿದ್ದಾರೆ. ಅವರು ಸೊರಗುವುದೇ ಹೆಚ್ಚು. ನನಗೆ ಈರುಳ್ಳಿ ಸೋತಿತು. ಚಪಾತಿ ಒಂದಕ್ಕೆ ಒಪ್ಪಿತು, ಮೂರಕ್ಕೆ ಇಲ್ಲ.

ಬೇಳೆಯ ಸರದಿ ಬಂದಾಗ ಆಕೆ ಅಮ್ಮನನ್ನೇ ಕರೆದರು. "ಅಮ್ಮಾ, ತೊಗರಿಬೇಳೆ ನೆನೆಸಿ, ಆ ನೀರು ಚೆಲ್ಲಿ, ಆಮೇಲೆ ಬೇಯಿಸಿ. ಇವರಿಗೆ ಒಂದು ಸೌಟು ಸಾಕು."

"ನೆನೆಸಿದ ನೀರು ಚೆಲ್ಲುವುದನ್ನು ನೀನು ಹೇಳಿಕೊಡಬೇಕೇನಮ್ಮಾ? ನಮ್ಮತ್ತೆ ಹಾಗೇ ಮಾಡುತ್ತಿದ್ದರು. ಈ ಊರಿಗೆ ಬಂದಮೇಲೆ ಕುಕ್ಕರಿನ ಅವಸರ" ಎಂದಳು ಅಮ್ಮ. ಮೈಸೂರಿನ ಯಾವ ಬೀದಿಯವಳೆಂದೂ ವಿಚಾರಿಸಿಕೊಂಡಳು.

ಭಾನುವಾರ ಹುಳಿಯಾಯಿತು. ನಾನು ಉಂಡೆ. ಅಮ್ಮ ಗಡಿಯಾರ ನೋಡುತ್ತಾ ಕೂತಳು. ಮೂರು ಗಂಟೆ ಕಳೆಯಿತು.

"ಏನಾದರೂ ಆಯಿತೇನೋ?"

"ಇಲ್ಲಮ್ಮ."

"ಹಾಗಾದರೆ ನಾಳೆ ಬರುವಾಗ ಬದನೆಕಾಯಿ ತಾ. ಎಳೆಯದು ನೋಡಿ ತಾ."