ಉಸಿರು ಯಾರಪ್ಪನ ಸ್ವತ್ತು?

"ಯೋಗ ಅಂದ್ರೆ ಜನಿವಾರದವರದು, ರ‍್ಯಾಪ್ ಅಂದ್ರೆ ಅಮೆರಿಕದ್ದು. ಎರಡನ್ನೂ ಒಟ್ಟಿಗೆ ಹಿಡ್ಕೊಂಡು ಎಲ್ಲಿಗ್ರಲಾ ಹೊಂಟ್ರಿ?" ಎಂದು ನಮ್ಮನ್ನು ಕೇಳುವವರಿದ್ದಾರೆ. ಕೇಳುವವರಲ್ಲಿ ಹೋರಾಟದ ಗೆಳೆಯರೂ ಇದ್ದಾರೆ. ಆದ್ದರಿಂದ ಉತ್ತರ ಹೇಳಲೇಬೇಕಾಗಿದೆ.

ನಾವು ಅಂದರೆ ಮೈಸೂರಿನ ಒಂದು ಕೇರಿಯ ಐದು ಜನ. ನಮ್ಮ ಅವ್ವಂದಿರು ಪೌರಕಾರ್ಮಿಕರು. ಬೆಳಗಿನ ಜಾವ ಅವರು ಪೊರಕೆ ಹಿಡಿದು ಹೊರಡುವ ಹೊತ್ತಿಗೆ ಗೋಕುಲಂ ಬಡಾವಣೆಯಲ್ಲಿ ವಿದೇಶದವರು ಚಾಪೆ ಸುತ್ತಿ ಹೆಗಲಿಗೇರಿಸಿ ಯೋಗಶಾಲೆಗೆ ಹೊರಡುತ್ತಾರೆ. ಅವ್ವ ಗುಡಿಸಿದ ರಸ್ತೆ ಮೇಲೇ ನಡೀತಾರೆ. ಅವರು ಉಸಿರಾಡೋದು ಕಲಿಯೋಕೆ ದುಡ್ಡು ಕೊಡ್ತಾರೆ. ಅವ್ವ ದೂಳು ಕುಡಿದು ಉಸಿರು ಕಳ್ಕೋತಾಳೆ. ಯೋಗ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಹೀಗೆ.

ಆಮೇಲೆ ಕಲಿಯಲು ಹೋದೆವು. ಮೂರನೇ ದಿನ ಗುರುಗಳು ನಮ್ಮ ಊಟ ವಿಚಾರಿಸಿದರು. ಹೇಳಿದೆವು. "ದೊಡ್ಡ ಮಾಂಸ ತಿನ್ನೋರಿಗೆ ಪ್ರಾಣಾಯಾಮ ಹತ್ತೋದಿಲ್ಲ" ಎಂದು ನಕ್ಕರು. ನಾವು ಅಲ್ಲಿಂದ ಎದ್ದು ಬಂದೆವು. ಪ್ರಾಣಾಯಾಮವನ್ನು ಅಲ್ಲಿ ಬಿಟ್ಟು ಬರಲಿಲ್ಲ. ಈಗ ಕೇರಿಯ ಅಂಬೇಡ್ಕರ್ ಭವನದ ಜಗುಲಿಯೇ ನಮ್ಮ ಶಾಲೆ.

ಯೋಗವನ್ನು ಮಡಿಬಟ್ಟೆಯಲ್ಲಿ ಸುತ್ತಿಟ್ಟವರಿಗೆ ಅದರ ಚರಿತ್ರೆ ಬೇಕಿಲ್ಲ. ಜಗತ್ತು ಇವತ್ತು ಮಾಡುವ ಯೋಗದ ದೊಡ್ಡ ಪಾಲು ಹೊರಟದ್ದು ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಿಂದ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಅಲ್ಲಿ ಯೋಗಶಾಲೆ ತೆರೆದರು. 1934ರಲ್ಲಿ ಅವರ 'ಯೋಗ ಮಕರಂದ' ಕನ್ನಡದಲ್ಲೇ ಬಂತು. ಆ ಬಾಗಿಲಿಗೆ ನಮ್ಮ ತಾತಂದಿರನ್ನು ಯಾರು ಕರೆದಿದ್ದರು? ಆದರೆ ಅದಕ್ಕಿಂತ ನೂರಾರು ವರ್ಷ ಹಿಂದಿನ 'ದತ್ತಾತ್ರೇಯ ಯೋಗಶಾಸ್ತ್ರ' ಬ್ರಾಹ್ಮಣನಾಗಲಿ, ಬೌದ್ಧನಾಗಲಿ, ಜೈನನಾಗಲಿ, ಕಪಾಲ ಹಿಡಿದವನಾಗಲಿ, ದೇವರನ್ನು ನಂಬದವನಾಗಲಿ, ಅಭ್ಯಾಸ ಮಾಡಿದವನಿಗೆ ಯೋಗ ಸಿದ್ಧಿಸುತ್ತದೆ ಅನ್ನುತ್ತದೆ. ಹಟಯೋಗವನ್ನು ಬೆಳೆಸಿದ್ದರಲ್ಲಿ ಊರೂರು ಅಲೆದ ನಾಥರ, ಸಿದ್ಧರ ಪಾಲು ದೊಡ್ಡದು. ಅಗ್ರಹಾರದ ಹೊರಗಿನ ಉಸಿರು ಅದು.

ಇನ್ನು ರ‍್ಯಾಪ್. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ತಂಗಿ ಸಿಂಡಿ ಇಟ್ಟುಕೊಂಡ ಕೂಟದಲ್ಲಿ, ಜಮೈಕಾದಿಂದ ಬಂದಿದ್ದ ಡಿಜೆ ಕೂಲ್ ಹರ್ಕ್ ರೆಕಾರ್ಡ್ ಹಾಕಿದ. ಹಾಡಿನ ಮಧ್ಯೆ ಬರೀ ತಾಳ ಬರುವ ತುಂಡನ್ನೇ ಎಳೆದೆಳೆದು ಕುಣಿಸುವುದು ಅವನ ಕೈಚಳಕ. ಆ ತಾಳದ ಮೇಲೆ ಮಾತು ಹತ್ತಿತು. ಆ ಬ್ರಾಂಕ್ಸ್ ಎಂಥದು? ನಡುವೆ ಹೆದ್ದಾರಿ ಸೀಳಿ ಸಾವಿರಾರು ಮನೆ ಎಬ್ಬಿಸಿದ್ದರು. ಉಳಿದ ಕಟ್ಟಡಗಳು ಉರಿದು ಬೀಳುತ್ತಿದ್ದವು. ಕರಿಯರೂ ಪೋರ್ಟೊರಿಕೊದವರೂ ಇದ್ದ ಆ ಕೇರಿಯ ಬಾಳನ್ನು 1982ರಲ್ಲಿ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 'ದಿ ಮೆಸೇಜ್' ಜಗತ್ತಿಗೆ ಕೇಳಿಸಿತು. ನಮಗೆ ಇಂಗ್ಲಿಷು ಅರೆಬರೆ. ಆದರೂ ಮೊದಲ ಸಲ ಕೇಳಿದಾಗ, ಇದು ನಮ್ಮ ಬೀದಿ ಸುದ್ದಿಯೇ ಅಂತ ಗೊತ್ತಾಗಿಬಿಡ್ತು.

ಎರಡೂ ಕೂಡುವ ಜಾಗ ಉಸಿರು. ಇದು ಉಪಮೆಯಲ್ಲ, ಲೆಕ್ಕ. ರ‍್ಯಾಪಿನ ಒಂದು ಚರಣಕ್ಕೆ ಸಾಮಾನ್ಯವಾಗಿ ಹದಿನಾರು ಸಾಲು, ಸಾಲಿಗೆ ನಾಲ್ಕು ಪೆಟ್ಟು, ಒಟ್ಟು 64. ನಿಮಿಷಕ್ಕೆ 90 ಪೆಟ್ಟಿನ ತಾಳವಾದರೆ 43 ಸೆಕೆಂಡು. ಅಷ್ಟು ಹೊತ್ತು ಮಾತು ಮುಗ್ಗರಿಸಬಾರದು. ಎಲ್ಲಿ ಉಸಿರು ತಗೋಬೇಕು, ಎಷ್ಟು ಹಿಡಿದಿಡಬೇಕು, ಯಾವ ಪದದ ಮೇಲೆ ಬಿಡಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರಬೇಕು. ನಾಲ್ಕು ಎಣಿಸೋವಷ್ಟು ಒಳಕ್ಕೆ, ಎಂಟು ಎಣಿಸೋವಷ್ಟು ಹೊರಕ್ಕೆ: ಜಗುಲಿ ಮೇಲೆ ಬೆಳಿಗ್ಗೆ ಮಾಡೋದು ಇದನ್ನೇ. ಎಣಿಕೆಗೆ ನಮ್ಮಲ್ಲೊಬ್ಬ ತಮಟೆ ಹಿಡೀತಾನೆ. ಸಂಜೆ ಅದೇ ತಮಟೆಗೆ ರ‍್ಯಾಪ್ ಕಟ್ಟುತ್ತೇವೆ.

ಇದೇನು ಹೊಸದೇ? ರಾತ್ರಿಯಿಡೀ ತಂಬೂರಿ ಮೀಟಿ ಮಂಟೇಸ್ವಾಮಿ ಕಾವ್ಯ ಹಾಡುವ ನಮ್ಮ ನೀಲಗಾರರ ಎದೆಯಲ್ಲಿ ಎಷ್ಟು ಗಾಳಿ ಇರಬೇಕು! ಶಿಶುನಾಳ ಷರೀಫರಂಥವರ ತತ್ವಪದಗಳಲ್ಲಿ ಯೋಗದ ಮಾತೂ ಬೀದಿಯ ಮಾತೂ ಒಂದೇ ತಾಳದಲ್ಲಿ ಕೂತಿಲ್ಲವೇ? ಪಕ್ಕದ ಚೆನ್ನೈನಲ್ಲಿ ಪಾ. ರಂಜಿತ್ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡ 2018ರ ಜನವರಿಯಲ್ಲಿ ಗಾನಾ, ಪರೈ, ರ‍್ಯಾಪ್ ಎಲ್ಲವನ್ನೂ ಒಂದೇ ವೇದಿಕೆಗೆ ಹತ್ತಿಸಿತು.

ಉಸಿರಿನ ಮಾತು ನಮಗೆ ಬರೀ ಆರೋಗ್ಯದ ಮಾತಾಗಿ ಉಳಿಯೋದಿಲ್ಲ. ನಮ್ಮಲ್ಲೊಬ್ಬನ ಚಿಕ್ಕಪ್ಪ ಮ್ಯಾನ್‌ಹೋಲಿಗೆ ಇಳಿದವನು ಗಾಳಿಯಿಲ್ಲದೆ ಸತ್ತ. ಮಲ ಹೊರಿಸುವುದನ್ನು 1993ರ ಕಾಯ್ದೆ ನಿಷೇಧಿಸಿತ್ತು. ರಕ್ಷಣೆಯಿಲ್ಲದೆ ಮನುಷ್ಯನನ್ನು ಚರಂಡಿಗೆ ಇಳಿಸುವುದು 2013ರ ಕಾಯ್ದೆಯಲ್ಲಿ ಅಪರಾಧ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿಗೆ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿಲ್ಲ. ಅತ್ತ ನ್ಯೂಯಾರ್ಕಿನಲ್ಲಿ 2014ರಲ್ಲಿ ಎರಿಕ್ ಗಾರ್ನರ್, ಮಿನಿಯಾಪೊಲಿಸ್‌ನಲ್ಲಿ 2020ರಲ್ಲಿ ಜಾರ್ಜ್ ಫ್ಲಾಯ್ಡ್, ಪೊಲೀಸರ ಹಿಡಿತದಲ್ಲಿ ಉಸಿರಾಡೋಕಾಗ್ತಿಲ್ಲ ಅನ್ನುತ್ತಲೇ ಸತ್ತರು. ಕುತ್ತಿಗೆ ಬೇರೆ, ಗುಂಡಿ ಬೇರೆ. ಉಸಿರು ಕಿತ್ತುಕೊಳ್ಳುವ ಕೈಗೆ ಮಾತ್ರ ಒಂದೇ ಧೈರ್ಯ: ಕೇಳೋರು ಯಾರು ಅನ್ನೋದು.

ಹಾಗಂತ ಎರಡನ್ನೂ ಕಣ್ಣು ಮುಚ್ಚಿ ಹೊಗಳೋಕೆ ನಾವು ತಯಾರಿಲ್ಲ. ಚಿನ್ನದ ಸರ ಹಾಕಿ ಹೆಣ್ಣನ್ನು ಹೀನಾಯ ಮಾಡಿ ಮಾರುವ ರ‍್ಯಾಪು ನಮಗೆ ಬೇಡ. 2015ರಿಂದ ವರ್ಷವರ್ಷ ಜೂನ್ 21ಕ್ಕೆ ಮೈದಾನದಲ್ಲಿ ಸಾಲಾಗಿ ಕೂತು ಉಸಿರೆಳೆದು, ಆ ಮೈದಾನ ಗುಡಿಸಿದವಳ ಉಸಿರನ್ನು ಕೇಳದ ಯೋಗವೂ ಬೇಡ.

ಅವ್ವನ ಕೆಮ್ಮು ಪ್ರಾಣಾಯಾಮದಿಂದ ವಾಸಿಯಾಗುತ್ತೆ ಅಂತ ನಾವು ಯಾರಿಗೂ ಹೇಳೋದಿಲ್ಲ. ಅದಕ್ಕೆ ಮೂಗಿಗೆ ಕಟ್ಟೋ ಮಾಸ್ಕು ಬೇಕು, ಕಾಯಂ ನೌಕರಿ ಬೇಕು, ಕಾಯಿಲೆ ಬಿದ್ದರೆ ಸಂಬಳದ ರಜ ಬೇಕು. ಇದನ್ನು ಕೇಳೋಕೆ ಕಚೇರಿ ಮುಂದೆ ಗಂಟೆಗಟ್ಟಲೆ ಕೂಗಬೇಕು, ದನಿ ಒಡೆಯಬಾರದು. ಕೂಗು ಕಟ್ಟೋದನ್ನು ರ‍್ಯಾಪ್ ಕಲಿಸಿದೆ, ಉಸಿರು ಕಾಯೋದನ್ನು ಯೋಗ ಕಲಿಸಿದೆ. ಗೆಳೆಯರೇ, ಎರಡನ್ನೂ ನಾವು ಯಾರಿಂದಲೂ ಎರವಲು ತಂದಿಲ್ಲ. ಇವು ದುಡಿದ ಮೈಯ ಗಳಿಕೆ.